ಕೆಮ್ಮು ಮತ್ತು ಸಹನೆ

ತುಮಕೂರು ಜಿಲ್ಲೆಯ ಒಂದು ಊರಿನಲ್ಲಿ, ಪ್ರೌಢಶಾಲೆಯಲ್ಲಿ ಬಹುಕಾಲ ಗಣಿತ ಕಲಿಸಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಊರಿನವರಿಗೆಲ್ಲ ಅವರು ಮೇಷ್ಟ್ರು. ಇಲ್ಲಿಯೂ ಆ ಹೆಸರೇ ಸಾಕು. ಬೆಳಗ್ಗೆ ಬಸದಿಯ ದರ್ಶನ, ಬಂದು ಸ್ವಲ್ಪ ಹೊತ್ತು ಸ್ವಾಧ್ಯಾಯ, ಮಧ್ಯಾಹ್ನ ಮೊಮ್ಮಗಳಿಗೆ ಕಥೆ, ಸಂಜೆ ನಾಲ್ಕೈದು ಮಕ್ಕಳಿಗೆ ನಡುಮನೆಯಲ್ಲಿ ಲೆಕ್ಕದ ಪಾಠ, ಹೊತ್ತು ಮುಳುಗುವ ಮುನ್ನ ಊಟ. ಹೀಗೆ ಅಳತೆ ಮಾಡಿಟ್ಟಂತಹ ದಿನಚರಿ ಅವರದು. ಪಾಠಕ್ಕೆ ಹಣ ತೆಗೆದುಕೊಳ್ಳುವವರಲ್ಲ. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದರೂ ಅದರ ವಿಷಯವಾಗಿ ಯಾರ ಬಳಿಯೂ ನರಳಿದವರಲ್ಲ.

2021ರ ಡಿಸೆಂಬರಿನಲ್ಲಿ ಅವರಿಗೆ ಕೆಮ್ಮು ಹಿಡಿಯಿತು. ಚಳಿಗಾಲದ ಕೆಮ್ಮೆಂದು ಮನೆಯವರು ಮೆಣಸಿನ ಕಷಾಯ ಮಾಡಿಕೊಟ್ಟರು. ಜನವರಿಯಲ್ಲಿ ಊರೂರಿನಲ್ಲಿಯೂ ಒಮಿಕ್ರಾನ್ ಹಬ್ಬಿದ್ದ ಸಮಯ. ಮಗ ಹಟಮಾಡಿ ಕರೆದುಕೊಂಡು ಹೋಗಿ ಗಂಟಲು ದ್ರವದ ಪರೀಕ್ಷೆ ಮಾಡಿಸಿದ. ಕೊರೊನಾ ಇಲ್ಲವೆಂದು ಫಲಿತಾಂಶ ಬಂತು. ಅಂದು ಮನೆಯಲ್ಲಿ ಪಾಯಸ ಮಾಡಿದರಂತೆ. ಆ ಎರಡು ವರ್ಷಗಳಲ್ಲಿ ಜನ ಒಂದೇ ಒಂದು ರೋಗಕ್ಕೆ ಹೆದರುವುದನ್ನು ಕಲಿತಿದ್ದರು. ಅದಲ್ಲವೆಂದು ತಿಳಿದ ಕೂಡಲೇ ಉಳಿದ ಕೆಮ್ಮುಗಳೆಲ್ಲ ನಿರುಪದ್ರವಿಗಳೆಂಬ ಭಾವನೆ ತಾನಾಗಿಯೇ ಬೆಳೆದಿತ್ತು. ಮೇಷ್ಟ್ರ ಕೆಮ್ಮಾದರೋ ನಿಲ್ಲಲಿಲ್ಲ.

ಔಷಧದ ಅಂಗಡಿಯಿಂದ ಮೂರು ಬಾಟಲಿ ಕೆಮ್ಮಿನ ಸಿರಪ್ಪು ಬಂದು ಖಾಲಿಯಾಯಿತು. ಫೆಬ್ರವರಿಯಲ್ಲಿ ಪೇಟೆಯ ಚಿಕಿತ್ಸಾಲಯವೊಂದಕ್ಕೆ ಹೋದರು. ಅಲ್ಲಿಯ ವೈದ್ಯರು ಬೆನ್ನಿಗೆ ಸ್ಟೆತೊಸ್ಕೋಪ್ ಇಟ್ಟು ನೋಡಿ, ಐದು ದಿನಕ್ಕೆ ಜೀವಿರೋಧಕ ಮಾತ್ರೆಗಳನ್ನು ಬರೆದುಕೊಟ್ಟರು. ಎರಡನೆಯ ಸಲ ಹೋದಾಗ ಬೇರೊಂದು ಬಗೆಯದನ್ನು ಕೊಟ್ಟರು. ಅದರಿಂದ ಒಂದು ವಾರ ಹಾಯೆನಿಸಿ ಮತ್ತೆ ಕೆಮ್ಮು ಮರುಕಳಿಸಿತು. ಎಷ್ಟು ದಿನದಿಂದ ಕೆಮ್ಮುತ್ತಿದ್ದೀರಿ ಎಂದು ಕೇಳಿದ್ದರೆ, ಕಫವನ್ನು ಪರೀಕ್ಷೆಗೆ ಕಳುಹಿಸಿದ್ದರೆ, ಕಥೆ ಅಲ್ಲಿಯೇ ಬೇರೆ ದಾರಿ ಹಿಡಿಯುತ್ತಿತ್ತು. ಕೆಲವು ಜೀವಿರೋಧಕಗಳು ಕ್ಷಯದ ಬ್ಯಾಸಿಲಸ್ಸನ್ನು ಕೆಲಕಾಲ ಅಡಗಿಸಿಡುತ್ತವೆಯೇ ಹೊರತು ಕೊಲ್ಲುವುದಿಲ್ಲ. ರೋಗ ತಗ್ಗಿದಂತೆ ತೋರಿ, ಪತ್ತೆ ಮತ್ತಷ್ಟು ತಡವಾಗುತ್ತದೆ.

ಇದು ಮೇಷ್ಟ್ರೊಬ್ಬರ ದುರದೃಷ್ಟವೇನೂ ಅಲ್ಲ. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ದಕ್ಷಿಣ ಭಾರತದ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನವೊಂದು 1963ರಲ್ಲಿ ಪ್ರಕಟವಾಯಿತು. ಹಳ್ಳಿಯ ಜನ ಅಜ್ಞಾನದಿಂದ ರೋಗವನ್ನು ಗಮನಿಸುವುದಿಲ್ಲ ಎಂಬುದು ಆಗಿನ ಬಲ್ಲವರ ನಂಬಿಕೆಯಾಗಿತ್ತು. ಅಧ್ಯಯನ ಅದನ್ನು ತಲೆಕೆಳಗು ಮಾಡಿತು. ಶ್ವಾಸಕೋಶದ ಕ್ಷಯವಿದ್ದ ಬಹುತೇಕ ಎಲ್ಲರಿಗೂ ತಮ್ಮ ದೇಹದ ಲಕ್ಷಣಗಳು ತಿಳಿದಿದ್ದವು. ಅರ್ಧಕ್ಕಿಂತ ಹೆಚ್ಚು ಮಂದಿ ಅದಕ್ಕಾಗಿ ಏನಾದರೊಂದು ಮಾಡಿಯೂ ಇದ್ದರು. ಆಸ್ಪತ್ರೆಯ ಬಾಗಿಲಿಗೆ ಬಂದವರನ್ನು ಕೆಮ್ಮಿನ ಔಷಧದ ಶೀಶೆ ಕೊಟ್ಟು ಮನೆಗೆ ಕಳುಹಿಸಲಾಗಿತ್ತು. ಅಷ್ಟು ವರ್ಷಗಳ ಹಿಂದಿನ ಆ ಶೀಶೆ ಇಂದಿಗೂ ಪೂರ್ತಿ ಬರಿದಾಗಿಲ್ಲವೆಂಬುದು ಖೇದದ ಸಂಗತಿ. ಚಿಕಿತ್ಸೆಗೆ ಹೋಗುವುದೆಂದರೆ ಒಮ್ಮೆ ಹೋಗಿ ಬರುವುದಷ್ಟೇ ಅಲ್ಲ. ಗುಣವಾಗದಿದ್ದಾಗ ಮತ್ತೆ ಹೋಗಿ, ಇಷ್ಟು ವಾರಗಳಾದವು, ಕಫ ಪರೀಕ್ಷೆ ಮಾಡಿಸಿ ಎಂದು ರೋಗಿಯೇ ಬಾಯಿಬಿಟ್ಟು ಕೇಳುವುದೂ ಅದರಲ್ಲಿ ಸೇರಿದೆ.

ಮೇಷ್ಟ್ರು ಮತ್ತೆ ಹೋಗಲಿಲ್ಲ. ಮಾರ್ಚ್ ಹೊತ್ತಿಗೆ ಪಂಚೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಸಂಜೆಯಾಗುತ್ತಲೇ ಮೈ ಬೆಚ್ಚಗಾಗುವುದು, ನಡುರಾತ್ರಿ ದಿಂಬು ಬೆವರಿನಿಂದ ಒದ್ದೆಯಾಗುವುದು ನಡೆದೇ ಇತ್ತು. ಇವೆಲ್ಲ ಸೊಸೆಯ ಕಣ್ಣಿಗೆ ಬಿದ್ದವು. ಮಗನ ಕಣ್ಣಿಗೆ ಬೀಳಲಿಲ್ಲ. ಬಟ್ಟೆ ಒಗೆಯುವವರಿಗೆ ತಿಳಿಯುವ ಸಂಗತಿಗಳು ಬೇರೆ.

ದೊಡ್ಡಾಸ್ಪತ್ರೆಗೆ ಹೋಗೋಣವೆಂದು ಆಕೆ ಹೇಳಿದಾಗಲೆಲ್ಲ ಮೇಷ್ಟ್ರ ಉತ್ತರ ಒಂದೇ ಆಗಿತ್ತು: "ವಯಸ್ಸಾದ ದೇಹ ತಾಯಿ, ಬಂದದ್ದನ್ನು ಅನುಭವಿಸಬೇಕು. ಸಹಿಸಿಕೊಳ್ಳುವುದೂ ಒಂದು ತಪಸ್ಸೇ."

ಈ ಮಾತಿನಲ್ಲಿ ಸೋಗು ಇರಲಿಲ್ಲ. ಜೀವನವಿಡೀ ಅವರು ಹಾಗೆಯೇ ಬಾಳಿದವರು. ಇಪ್ಪತ್ತೆರಡು ಪರೀಷಹಗಳಲ್ಲಿ ರೋಗವೂ ಒಂದೆಂಬುದನ್ನು ಅವರು ಎಷ್ಟೋ ಸಲ ಓದಿದ್ದರು, ಕೇಳಿದ್ದರು. ಅಸಾತಾವೇದನೀಯ ಕರ್ಮದ ಉದಯವನ್ನು ಸಮಭಾವದಿಂದ ಕಳೆಯಬೇಕೆಂಬುದು ಅವರ ಮಟ್ಟಿಗೆ ಉಪನ್ಯಾಸದ ವಿಷಯವಾಗಿರದೆ ನಿತ್ಯದ ಅಭ್ಯಾಸವಾಗಿತ್ತು. ಆದರೆ ಪರೀಷಹಗಳನ್ನು ಹೇಳಿರುವುದು ಮುಖ್ಯವಾಗಿ ಮನೆಮಠ ತೊರೆದ ಮುನಿಗಳನ್ನು ಕುರಿತು. ಮುನಿಯ ಪಕ್ಕದಲ್ಲಿ ನಾಲ್ಕು ವರ್ಷದ ಮೊಮ್ಮಗಳು ಮಧ್ಯಾಹ್ನದ ನಿದ್ದೆ ಮಾಡುವುದಿಲ್ಲ.

ಸಹನೆಯ ಮಾತಿನ ಹಿಂದೆ ಇನ್ನೊಂದು ಸಂಗತಿಯೂ ಇತ್ತು. ಅದನ್ನು ಅವರು ಹೇಳಿದ್ದು ಎಷ್ಟೋ ತಿಂಗಳುಗಳ ಬಳಿಕ. ಅವರಿಗೆ ಏಳು ವರ್ಷವಾಗಿದ್ದಾಗ, 1957ರಲ್ಲಿ, ಅವರ ಸೋದರತ್ತೆ ಕ್ಷಯದಿಂದ ತೀರಿಕೊಂಡರು. ಹಿತ್ತಿಲಿನ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಆಕೆಯನ್ನು ಇರಿಸಿದ್ದರು. ತಟ್ಟೆ ಬೇರೆ, ಚೊಂಬು ಬೇರೆ, ಬಾಗಿಲಿನ ಹೊರಗೆ ಅನ್ನವಿಟ್ಟು ಬರುವುದು. ಆಕೆ ತೀರಿಕೊಂಡ ಮೇಲೆ ಹಾಸಿಗೆಯ ಜೊತೆಗೆ ಆಕೆಯ ಹೆಸರನ್ನೂ ಮನೆಯವರು ಸುಟ್ಟುಬಿಟ್ಟಂತಾಯಿತು. ಮತ್ತೆ ಆ ಮನೆಯಲ್ಲಿ ಯಾರೂ ಆಕೆಯನ್ನು ನೆನೆದದ್ದಿಲ್ಲ. ತಮ್ಮ ಕಫದಲ್ಲಿ ಏನಿರಬಹುದೆಂದು ಮೇಷ್ಟ್ರಿಗೆ ಅನುಮಾನವಿತ್ತು. ಆ ಅನುಮಾನಕ್ಕೆ ಸಹನೆಯೆಂಬ ಗೌರವದ ಹೆಸರು ಕೊಟ್ಟು ಅವರು ದಿನ ದೂಡುತ್ತಿದ್ದರು.

ವಿಚಿತ್ರವೆಂದರೆ, ಸೋದರತ್ತೆ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಸಾಯುತ್ತಿದ್ದ ಅದೇ ವರ್ಷಗಳಲ್ಲಿ ಮದರಾಸಿನಲ್ಲಿ ಬೇರೊಂದು ಕಾರ್ಯ ನಡೆದಿತ್ತು. ಅಲ್ಲಿಯ ಕ್ಷಯರೋಗ ಔಷಧ ಚಿಕಿತ್ಸಾ ಕೇಂದ್ರದವರು ಬಡ ರೋಗಿಗಳಲ್ಲಿ ಕೆಲವರನ್ನು ಆರೋಗ್ಯಧಾಮದಲ್ಲಿಯೂ ಕೆಲವರನ್ನು ಅವರವರ ಇಕ್ಕಟ್ಟಾದ ಮನೆಗಳಲ್ಲಿಯೂ ಇರಿಸಿ ಒಂದೇ ಔಷಧ ಕೊಟ್ಟು ಹೋಲಿಸಿ ನೋಡುತ್ತಿದ್ದರು. 1959ರಲ್ಲಿ ಹೊರಬಂದ ಫಲಿತಾಂಶ ಲೋಕದ ಚಿಕಿತ್ಸಾಕ್ರಮವನ್ನೇ ಬದಲಿಸಿತು. ಮನೆಯಲ್ಲಿದ್ದು ಔಷಧ ತೆಗೆದುಕೊಂಡವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. ಅವರ ಮನೆಯವರಿಗೆ ರೋಗ ತಗುಲುವ ಅಪಾಯವೇನೂ ಅದರಿಂದ ಹೆಚ್ಚಲಿಲ್ಲ. ಔಷಧ ಶುರುವಾದರೆ ರೋಗಿ ಬೇಗನೆ, ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ, ಇತರರಿಗೆ ಅಂಟಿಸುವ ಸ್ಥಿತಿಯನ್ನು ದಾಟುತ್ತಾನೆ. ಮನೆಯ ಮಂದಿಗೆ ಸೋಂಕು ತಗುಲುವುದು ಬಹುಮಟ್ಟಿಗೆ ಅದಕ್ಕೆ ಮುಂಚೆ, ಅಂದರೆ ಯಾರೂ ಏನನ್ನೂ ಹೆಸರಿಸದ, ಎಲ್ಲರೂ ಕಷಾಯ ಕುಡಿಸುತ್ತಿರುವ ದಿನಗಳಲ್ಲಿ. ತಟ್ಟೆ ಚೊಂಬುಗಳಿಂದ ಈ ರೋಗ ಹರಡುವುದೂ ಇಲ್ಲ. ಕೆಮ್ಮಿದಾಗ ಗಾಳಿಗೆ ಸೇರುವ ಕಣಗಳಿಂದ, ಬೆಳಕುಗಾಳಿಯಿಲ್ಲದ ಕೋಣೆಯಲ್ಲಿ ಬಹಳ ಹೊತ್ತು ಜೊತೆಗಿರುವವರಿಗೆ ಹರಡುತ್ತದೆ.

ಮಾರ್ಚ್ ಮೂರನೆಯ ವಾರದಲ್ಲಿ ಆಶಾ ಕಾರ್ಯಕರ್ತೆ ಮನೆಮನೆ ಸಮೀಕ್ಷೆಗೆ ಬಂದಳು. ಅವಳೂ ಹಿಂದೊಮ್ಮೆ ಮೇಷ್ಟ್ರ ತರಗತಿಯಲ್ಲಿ ಕುಳಿತವಳೇ. ಮನೆಯಲ್ಲಿ ಯಾರಿಗಾದರೂ ಎರಡು ವಾರಕ್ಕಿಂತ ಹೆಚ್ಚು ದಿನದಿಂದ ಕೆಮ್ಮು ಇದೆಯೇ ಎಂದು ವಾಡಿಕೆಯಂತೆ ಕೇಳಿದಾಗ ಮೇಷ್ಟ್ರು ಇಲ್ಲವೆಂದರು. ಹಾಗೆನ್ನುವಷ್ಟರಲ್ಲಿಯೇ ಕೆಮ್ಮು ಬಂತು. ಹುಡುಗಿ ಬರೆಯುವುದನ್ನು ನಿಲ್ಲಿಸಿ ಸುಮ್ಮನೆ ನಿಂತಳು. ಮೇಷ್ಟ್ರು ಸುಳ್ಳು ಹೇಳಿದ್ದನ್ನು ಅವಳು ಅದುವರೆಗೆ ಕಂಡಿರಲಿಲ್ಲ.

ಅಂದು ಸಂಜೆ ಸೊಸೆ ಮತ್ತೆ ವಾದಿಸಲಿಲ್ಲ. "ನಿಮ್ಮ ಮಟ್ಟಿಗೆ ಸರಿ ಮಾವ. ಮಗು ದಿನಾ ಮಧ್ಯಾಹ್ನ ನಿಮ್ಮ ಎದೆಯ ಮೇಲೇ ಮಲಗುತ್ತಾಳಲ್ಲ, ಅವಳನ್ನು ಯಾರು ಕೇಳಿದರು?" ಎಂದಷ್ಟೇ ಹೇಳಿ ಒಳಗೆ ಹೋದಳು.

ಆ ರಾತ್ರಿ ಮೇಷ್ಟ್ರಿಗೆ ನೆನಪಾದದ್ದು ಸಮಂತಭದ್ರಾಚಾರ್ಯರ ಕಥೆ. ದೇವಚಂದ್ರನ ರಾಜಾವಳೀಕಥೆಯನ್ನು ಓದಿದವರಿಗೆ ಅದು ಪರಿಚಿತವಾದದ್ದೇ. ಭಸ್ಮಕವ್ಯಾಧಿಯಿಂದ ನರಳುತ್ತಿದ್ದ ಸಮಂತಭದ್ರರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಕೊಡಲಿಲ್ಲ. ದೀಕ್ಷೆಯನ್ನು ಬಿಟ್ಟಾದರೂ ರೋಗವನ್ನು ಗುಣಪಡಿಸಿಕೊಂಡು ಬಾ ಎಂದು ಕಳುಹಿಸಿದರು. ಅವರು ಹಾಗೆಯೇ ಮಾಡಿ, ಗುಣವಾದ ಮೇಲೆ ಮತ್ತೆ ದೀಕ್ಷೆ ಪಡೆದರು. ರತ್ನಕರಂಡಕ ಶ್ರಾವಕಾಚಾರದಲ್ಲಿ ರೋಗದ ಕಾರಣದಿಂದ ದೇಹತ್ಯಾಗವನ್ನು ಹೇಳುವಾಗ, ಪ್ರತೀಕಾರವಿಲ್ಲದಿದ್ದಾಗ ಮಾತ್ರವೆಂಬ ಕಟ್ಟನ್ನು ಹಾಕಿದವರು ಇದೇ ಆಚಾರ್ಯರು. ಸೋದರತ್ತೆಯ ಹಿಂದಿನ ತಲೆಮಾರಿನವರ ಪಾಲಿಗೆ ಕ್ಷಯ ನಿಜವಾಗಿಯೂ ಪ್ರತೀಕಾರವಿಲ್ಲದ ರೋಗವಾಗಿತ್ತು. ರಾಬರ್ಟ್ ಕಾಕ್ 1882ರಲ್ಲಿ ಬ್ಯಾಸಿಲಸ್ಸನ್ನು ಕಂಡುಹಿಡಿದ ಮೇಲೆಯೂ ಆರು ದಶಕ ಅದಕ್ಕೆ ಔಷಧವಿರಲಿಲ್ಲ. ಕಮಲಾ ನೆಹರೂ ಅವರು 1936ರಲ್ಲಿ ಸ್ವಿಟ್ಜರ್ಲೆಂಡಿನ ಒಳ್ಳೆಯ ಗಾಳಿಯಲ್ಲಿಯೂ ಉಳಿಯಲಿಲ್ಲ. 1943ರಲ್ಲಿ ಸ್ಟ್ರೆಪ್ಟೊಮೈಸಿನ್, 1952ರಲ್ಲಿ ಐಸೊನಿಯಜಿಡ್, ಮುಂದಿನ ದಶಕದಲ್ಲಿ ರಿಫಾಂಪಿಸಿನ್ ಬಂದವು. ಆ ಮೇಲೆ ಆ ಮಾತು ಸಲ್ಲದಾಯಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ಪ್ರತೀಕಾರವನ್ನು ಬೇಡವೆಂದು ಕುಳಿತು ಅದನ್ನು ಪರೀಷಹಜಯವೆನ್ನುವುದು ಮೇಷ್ಟ್ರಂಥ ಓದಿದವರಿಗೆ ಸಲ್ಲುವ ತರ್ಕವಲ್ಲ. ಹಿಂಸೆಯ ಮೂಲವನ್ನು ಪ್ರಮಾದದಲ್ಲಿ, ಅಂದರೆ ಎಚ್ಚರಗೇಡಿತನದಲ್ಲಿ, ಗುರುತಿಸುವ ಧರ್ಮ ಅವರದು. ಕೊಲ್ಲುವ ಇಚ್ಛೆಯಿಲ್ಲದೆಯೂ ಉಸಿರಿನಿಂದ ಪರಜೀವಕ್ಕೆ ನೋವಾದೀತೆಂದು ಸ್ಥಾನಕವಾಸಿ ಮುನಿಗಳು ಬಾಯಿಗೆ ವಸ್ತ್ರ ಕಟ್ಟಿಕೊಳ್ಳುವುದನ್ನು ಅವರು ಗೌರವದಿಂದ ಕಂಡಿದ್ದರು. ತಮ್ಮ ಉಸಿರನ್ನು ಕುರಿತು ಯೋಚಿಸಿರಲಿಲ್ಲ, ಅಷ್ಟೇ.

ಮರುದಿನ ನಸುಕಿನಲ್ಲಿ, ಊರು ಏಳುವ ಮುನ್ನ, ಆಶಾ ಕಾರ್ಯಕರ್ತೆ ಕೊಟ್ಟುಹೋಗಿದ್ದ ತಿರುಪಿನ ಮುಚ್ಚಳದ ಡಬ್ಬಿಯೊಂದಿಗೆ ಮೇಷ್ಟ್ರು ಹಿತ್ತಿಲಿಗೆ ಹೋದರು. ಬರಿಯ ಉಗುಳು ಬೇಡ, ಎದೆಯಾಳದಿಂದ ಬಂದ ಕಫ ಬೇಕೆಂದು ಅವಳು ಎರಡು ಸಲ ಹೇಳಿದ್ದಳು. ಡಬ್ಬಿಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಕೈಚೀಲದ ತಳದಲ್ಲಿಟ್ಟುಕೊಂಡು ಮೊದಲ ಬಸ್ಸು ಹತ್ತಿದರು. ಕಿಟಕಿಯ ಪಕ್ಕ ಕುಳಿತು, ಮೂಗುಬಾಯಿ ಮುಚ್ಚಿಕೊಂಡು ಹೋದರಂತೆ. ಮೂರು ತಿಂಗಳಲ್ಲಿ ಅದೇ ಮೊದಲು.

ಯಂತ್ರದ ಪರೀಕ್ಷೆ ಅಂದೇ ಮುಗಿಯಿತು. ಕ್ಷಯವಿದೆ, ರಿಫಾಂಪಿಸಿನ್ನಿಗೆ ಬಗ್ಗುವ ಕ್ಷಯವೇ ಎಂದು ತಿಳಿಯಿತು. ತೂಕ 56ರಿಂದ 48 ಕಿಲೋಗೆ ಇಳಿದಿತ್ತು. ಸಕ್ಕರೆ ಕಾಯಿಲೆ ಇರುವವರಿಗೆ ಕ್ಷಯ ಬರುವ ಸಂಭವ ಇತರರಿಗಿಂತ ಎರಡು ಮೂರು ಪಟ್ಟು ಹೆಚ್ಚೆಂದು ವೈದ್ಯರು ಹೇಳಿದರು. ಹತ್ತು ವರ್ಷಗಳಲ್ಲಿ ಆ ಮಾತನ್ನು ಅವರಿಗೆ ಹೇಳಿದವರು ಇವರೇ ಮೊದಲಿಗರು.

ಯಾವಾಗ ಹೋಗಬೇಕು ಎಂಬುದನ್ನು ವೈದ್ಯರು ಸೊಸೆಗೆ ಬಿಡಿಸಿ ಹೇಳಿದರು. ಮಾಮೂಲು ನೆಗಡಿ ಕೆಮ್ಮುಗಳು ಒಂದೆರಡು ವಾರಗಳಲ್ಲಿ ತಾವಾಗಿಯೇ ಹೋಗುತ್ತವೆ. ಅವಕ್ಕೆ ಜೀವಿರೋಧಕ ಬೇಡ, ಓಡಾಟವೂ ಬೇಡ, ಮಕ್ಕಳು ಮುದುಕರಿಂದ ನಾಲ್ಕು ದಿನ ದೂರವಿದ್ದರೆ ಸಾಕು. ಎರಡು ವಾರ ದಾಟಿದ ಕೆಮ್ಮು ಯಾರದೇ ಆಗಲಿ, ಕಫ ಪರೀಕ್ಷೆಗೆ ಹೋಗಬೇಕು. ಕಫದಲ್ಲಿ ರಕ್ತ ಕಂಡರೆ, ದಿನವೂ ಸಂಜೆ ಜ್ವರ ಬಂದರೆ, ಕಾರಣವಿಲ್ಲದೆ ಮೈ ಇಳಿದರೆ ಎರಡು ವಾರವನ್ನೂ ಎಣಿಸಬಾರದು. ಉಸಿರಾಡಲು ಕಷ್ಟವಾಗುವುದು, ಎದೆನೋವು, ತುಟಿ ನೀಲಿಗಟ್ಟುವುದು, ಮಂಪರು ಇವು ಕಂಡರೆ ಆ ಗಳಿಗೆಯಲ್ಲಿಯೇ ಹೊರಡಬೇಕು. ಚಿಕ್ಕ ಮಕ್ಕಳ ವಿಷಯದಲ್ಲಿ ಉಸಿರನ್ನು ಎಣಿಸುವುದು ಒಳ್ಳೆಯದು. ಒಂದರಿಂದ ಐದು ವರ್ಷದೊಳಗಿನ ಮಗು ಸುಮ್ಮನಿರುವಾಗ ನಿಮಿಷಕ್ಕೆ 40 ಅಥವಾ ಅದಕ್ಕೂ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದರೆ, ಬೆಳಗಾಗಲೆಂದು ಕಾಯಬಾರದು. ಸೊಸೆ ಇದನ್ನೆಲ್ಲ ಆಸ್ಪತ್ರೆಯ ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡು ಬಂದು ಅಡುಗೆಮನೆಯ ಗೋಡೆಗೆ ಅಂಟಿಸಿದಳು.

ಮನೆಗೆ ಬಂದ ಮೇಷ್ಟ್ರು ಮೊದಲು ಮಾಡಿದ ಕೆಲಸ ಹಾಸಿಗೆ ಸುತ್ತಿಕೊಂಡು ಹಿತ್ತಿಲ ಕೋಣೆಗೆ ಹೊರಟದ್ದು. ಆಶಾ ಕಾರ್ಯಕರ್ತೆ ತಡೆದಳು. "ಅಲ್ಲಿ ಕಿಟಕಿಯೇ ಇಲ್ಲ ಮೇಷ್ಟ್ರೇ. ಮುಂದಿನ ಕೋಣೆಯಲ್ಲಿ ಕಿಟಕಿ ತೆಗೆದಿಟ್ಟು ಮಲಗಿ. ಸ್ವಲ್ಪ ದಿನ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಮಗುವನ್ನು ಪಕ್ಕದಲ್ಲಿ ಮಲಗಿಸಬೇಡಿ. ತಟ್ಟೆ ಲೋಟ ಎಲ್ಲರ ಜೊತೆಯೇ ಇರಲಿ" ಎಂದಳು. ತಟ್ಟೆಯ ಮಾತು ಕೇಳಿ ಅವರ ಕಣ್ಣಲ್ಲಿ ನೀರು ಬಂದದ್ದು ಯಾಕೆಂದು ಅಂದು ಯಾರಿಗೂ ತಿಳಿಯಲಿಲ್ಲ.

ದಿನಕ್ಕೆ ಮೂರು ಮಾತ್ರೆ, ಒಟ್ಟಿಗೆ, ಬೆಳಗ್ಗೆ ಬರಿಹೊಟ್ಟೆಯಲ್ಲಿ. ಆದ್ದರಿಂದ ರಾತ್ರಿ ಏನನ್ನೂ ಸೇವಿಸದ ನಿಯಮಕ್ಕೆ ಭಂಗ ಬರಲಿಲ್ಲ. ಪ್ರಾಣಿಜನ್ಯ ಜೆಲಟಿನ್ನಿನ ಕೋಶದಲ್ಲಿ ತುಂಬಿದ ಔಷಧವೋ ಎಂಬ ಅಳುಕಿತ್ತು, ಕೊಟ್ಟದ್ದು ಅಚ್ಚುಮಾತ್ರೆಗಳೇ. ಮೂತ್ರ ಕೆಂಪಗಾದಾಗ ಗಾಬರಿಯಾದರು, ಅದು ರಿಫಾಂಪಿಸಿನ್ನಿನ ಬಣ್ಣವೆಂದು ತಿಳಿದು ಸುಮ್ಮನಾದರು. ಯಾರೋ ಮೊಟ್ಟೆ ತಿನ್ನದೆ ಈ ಕಾಯಿಲೆ ವಾಸಿಯಾಗದು ಎಂದರು. ಅದು ನಿಜವಲ್ಲ, ಬೇಕಾದದ್ದು ಹೊಟ್ಟೆ ತುಂಬ ಊಟ ಮತ್ತು ಸಾಕಷ್ಟು ಸಸಾರಜನಕ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ದಂಪತಿಗಳು ಜಾರ್ಖಂಡಿನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೋಗಿಗಳ ಮನೆಗಳಿಗೆ ಹಂಚಿದ್ದು ಮುಖ್ಯವಾಗಿ ಅಕ್ಕಿ, ಬೇಳೆಕಾಳು, ಹಾಲಿನ ಪುಡಿ, ಎಣ್ಣೆ. ಹೆಚ್ಚಿನ ಆಹಾರ ಪಡೆದ ಮನೆಗಳವರಲ್ಲಿ ಹೊಸದಾಗಿ ಕ್ಷಯ ಬಂದವರ ಪ್ರಮಾಣ ಶೇಕಡಾ 39ರಷ್ಟು ತಗ್ಗಿತು. ಮೇಷ್ಟ್ರ ಮನೆಯಲ್ಲಿ ಕಡಲೆ, ಹೆಸರುಕಾಳು, ಶೇಂಗಾ, ಹಾಲು ನಡೆದವು. ಆ ವರ್ಷದ ದಶಲಕ್ಷಣ ಪರ್ವದಲ್ಲಿ, ಅರ್ಧ ಶತಮಾನದಲ್ಲಿ ಮೊದಲ ಬಾರಿಗೆ, ಅವರು ಉಪವಾಸ ಮಾಡಲಿಲ್ಲ. ಬಸದಿಯಲ್ಲಿ ಯಾರೋ ಕೇಳಿದಾಗ ಕಾರಣವನ್ನು ಮರೆಮಾಚದೆ ಹೇಳಿದರು. ಕೇಳಿದವರು ಒಂದು ಹೆಜ್ಜೆ ಹಿಂದೆ ಸರಿದರು. ಆಗ ಅವರ ಕಫದಲ್ಲಿ ಏನೂ ಉಳಿದಿರಲಿಲ್ಲ. ಹಾಗೆಂದು ವಿವರಿಸಲು ಅವರು ಹೋಗಲಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಆರು ತಿಂಗಳ ಔಷಧ ಮುಗಿಯಿತು.

ಮಗ, ಸೊಸೆಯರ ಎದೆಯ ಚಿತ್ರ ಶುದ್ಧವಾಗಿತ್ತು. ಮೊಮ್ಮಗಳಿಗೂ ರೋಗವಿರಲಿಲ್ಲ. ಆದರೂ ಐದು ವರ್ಷದೊಳಗಿನ ಮಗುವಾದ್ದರಿಂದ ಮುಂಜಾಗ್ರತೆಯಾಗಿ ಆರು ತಿಂಗಳು ಐಸೊನಿಯಜಿಡ್ ಕೊಡಬೇಕಾಯಿತು. ದಿನವೂ ಬೆಳಗ್ಗೆ ತಾತನೂ ಮೊಮ್ಮಗಳೂ ಅಡುಗೆಮನೆಯಲ್ಲಿ ಎದುರುಬದುರು ಕುಳಿತು ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಅವಳ ಮಾತ್ರೆಯನ್ನು ಪುಡಿಮಾಡಿ ನೀರಿನಲ್ಲಿ ಕದಡಿಕೊಡಬೇಕಿತ್ತು; ಕಹಿಯೆಂದು ಮುಖ ಕಿವುಚುತ್ತಿದ್ದಳು. ತನಗೆ ಕೆಮ್ಮೇ ಇಲ್ಲವಲ್ಲ, ತಾನೇಕೆ ಕುಡಿಯಬೇಕು ಎಂದು ಒಂದು ದಿನ ಕೇಳಿದಳು. ಸೊಸೆ ಏನೋ ಸಮಾಧಾನ ಹೇಳಲು ಬಾಯಿ ತೆರೆದಳು. ಮೇಷ್ಟ್ರು ಕೈಯೆತ್ತಿ ತಡೆದು, "ನಾನು ಆಸ್ಪತ್ರೆಗೆ ಹೋಗುವುದು ತಡಮಾಡಿದೆ ಮಗಳೇ, ಅದಕ್ಕೆ" ಎಂದರು.

ಪಾಠಕ್ಕೆ ಬರುತ್ತಿದ್ದ ಮಕ್ಕಳು ಐವರು. ಆ ಚಳಿಗಾಲದಲ್ಲಿ ಜಗಲಿಯಲ್ಲಿ ಗಾಳಿಯೆಂದು ನಡುಮನೆಯಲ್ಲಿ ಬಾಗಿಲು ಹಾಕಿಕೊಂಡು ಪಾಠ ನಡೆದಿತ್ತು. ನಾಲ್ವರ ಮನೆಗೆ ಮೇಷ್ಟ್ರು ತಾವೇ ಆಶಾ ಕಾರ್ಯಕರ್ತೆಯೊಡನೆ ಹೋಗಿ, ವಿಷಯ ತಿಳಿಸಿ, ತಪಾಸಣೆ ಮಾಡಿಸಿದರು. ಒಂದು ಮನೆಯವರು ಬಾಗಿಲಲ್ಲಿಯೇ ನಿಲ್ಲಿಸಿ ಕಟುವಾಗಿ ಮಾತಾಡಿದರು. ಅವರು ತಲೆತಗ್ಗಿಸಿ ಕೇಳಿಸಿಕೊಂಡು ಬಂದರು. ನಾಲ್ವರಿಗೂ ಏನೂ ಆಗಿರಲಿಲ್ಲ. ಐದನೆಯವನು ರಾಯಚೂರಿನ ಕಡೆಯಿಂದ ಇಟ್ಟಿಗೆ ಗೂಡಿನ ಕೆಲಸಕ್ಕೆ ಬಂದಿದ್ದವರ ಹುಡುಗ, ಏಳನೆಯ ತರಗತಿ. ಭಿನ್ನರಾಶಿ ತಲೆಗೆ ಹತ್ತದೆಂದು ಮೇಷ್ಟ್ರು ಅವನನ್ನು ತಮ್ಮ ಮಗ್ಗುಲಲ್ಲಿಯೇ ಕೂರಿಸಿಕೊಳ್ಳುತ್ತಿದ್ದರು. ಮೇಷ್ಟ್ರು ಆಸ್ಪತ್ರೆಗೆ ಹೋಗುವ ಎರಡು ವಾರ ಮುಂಚೆ ಆ ಕುಟುಂಬ ಗೂಡು ಬಿಟ್ಟು ಬೆಂಗಳೂರಿನ ಕಡೆ ಹೊರಟುಹೋಗಿತ್ತು.

ಸೋಂಕು ತಗುಲಿದವರಲ್ಲಿ ಬಹುಪಾಲು ಜನರಿಗೆ ಜೀವಮಾನದಲ್ಲಿ ಎಂದೂ ರೋಗ ಕಾಣಿಸಿಕೊಳ್ಳುವುದಿಲ್ಲ. ನೂರರಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ, ಅದೂ ಹೆಚ್ಚಾಗಿ ಮೊದಲ ಒಂದೆರಡು ವರ್ಷಗಳಲ್ಲಿ. ವೈದ್ಯರು ಸಮಾಧಾನಕ್ಕೆಂದು ಈ ಲೆಕ್ಕ ಹೇಳಿದರು. ಲೆಕ್ಕದ ಮೇಷ್ಟ್ರಿಗೆ ಅದು ಅರ್ಥವಾಗದೆ ಇರಲಿಲ್ಲ. ಹುಡುಗನ ತಂದೆಯ ಫೋನ್ ಸಂಖ್ಯೆಯನ್ನು ಆಶಾ ಕಾರ್ಯಕರ್ತೆ ತಾಲ್ಲೂಕಿನ ಕಚೇರಿಗೆ ಕೊಟ್ಟಿದ್ದಾಳೆ. ಅದೇ ಸಂಖ್ಯೆ ಮೇಷ್ಟ್ರ ಹಾಜರಿ ಪುಸ್ತಕದಲ್ಲಿ ಹುಡುಗನ ಹೆಸರಿನ ಮುಂದೆಯೂ ಇದೆ. ಚಿಕಿತ್ಸೆ ಮುಗಿದು ವರ್ಷಗಳಾದರೂ ತಿಂಗಳಿಗೊಮ್ಮೆ, ಬಸದಿಯಿಂದ ಬಂದವರು ಕನ್ನಡಕ ಹಾಕಿಕೊಂಡು ಆ ಪುಟ ತೆಗೆದು, ಒಂದೊಂದೇ ಅಂಕಿ ಒತ್ತಿ, ಫೋನನ್ನು ಕಿವಿಗಿಟ್ಟುಕೊಂಡು ಕುಳಿತಿರುತ್ತಾರೆ.